ಏಳು ಕಿಲೋ ಮತ್ತು ಒಂದು ಉಡಿ

ವಿಮಾನಕ್ಕೆ ಒಂದು ಕೈಚೀಲಕ್ಕಿಂತ ಹೆಚ್ಚು ಸಾಮಾನು ಒಯ್ಯುವವರು ಎಷ್ಟೇ ಓದಿರಲಿ, ಅಶಿಕ್ಷಿತರೇ ಎಂದು ಪ್ರೊಫೆಸರ್ ಭುವನೇಶ್ವರಿ ತೀರ್ಮಾನಿಸಿದ್ದರು. ತಾವು ಒಯ್ಯುವುದು ಒಂದೇ ಚೀಲ, ಏಳು ಕಿಲೋ ಒಳಗೆ. ತಪಾಸಣೆಯವರು ಅದರಿಂದ ಒಂದು ಗುಂಡುಸೂಜಿಯನ್ನು ಹೊರಗೆ ತೆಗೆಸಿದರೂ ಮೂವತ್ತನಾಲ್ಕು ವರ್ಷ ರಸಾಯನಶಾಸ್ತ್ರ ಕಲಿಸಿದ್ದು ದಂಡ! ಸೇಡಂ ರಸ್ತೆಯ ಮನೆಯಲ್ಲಿ ಕೇಳುವುದಕ್ಕೆ ಗಂಡನೊಬ್ಬನೇ ಇದ್ದರೂ ಅವರು ಇದನ್ನು ಸಭಾಂಗಣದ ಕೊನೆಯ ಬೆಂಚಿಗೆ ಮುಟ್ಟುವ ದನಿಯಲ್ಲಿ ಘೋಷಿಸಿದರು.

ಪ್ರಯಾಣಕ್ಕೆ ಕಾರಣವೂ ಘನವಾದದ್ದೇ. ಬೆಂಗಳೂರಿನಲ್ಲಿ ಇನ್ನೂರು ಶಾಲಾ ಶಿಕ್ಷಕರ ಮುಂದೆ ಸಂಜೆ ಆರು ಗಂಟೆಗೆ ಅವರ ಉಪನ್ಯಾಸವಿತ್ತು. ವಿಷಯ, 'ಮನೆಯಲ್ಲಿ ತಾನಾಗಿ ಹೊತ್ತಿಕೊಳ್ಳುವ ವಸ್ತುಗಳು'. ನಿವೃತ್ತಿಯಾಗಿ ಒಂಬತ್ತು ವರ್ಷಗಳ ನಂತರ ಬಂದ ಮೊದಲ ಕರೆ. ಕಲಬುರಗಿಯಿಂದ ಆ ದಿನ ಇದ್ದದ್ದು ಒಂದೇ ವಿಮಾನ, ಮಧ್ಯಾಹ್ನ ಎರಡೂವರೆಗೆ.

ವಿಮಾನದಲ್ಲಿ ಒಯ್ಯಬಾರದ ವಸ್ತುಗಳ ಪಟ್ಟಿಯನ್ನು ಅವರು ಅಂಗಡಿಯಲ್ಲಿ ಛಾಪಿಸಿ ತಂದರು. ಕಾಗದ ಹಾಳು ಮಾಡಬಾರದೆಂದು ಎರಡೂ ಬದಿಗೆ ಛಾಪಿಸಲು ಹೇಳಿದ್ದರು. ಮನೆಗೆ ಬರುವ ಹೊತ್ತಿಗೆ ಅದು ಮರೆತಿತ್ತು. ಊಟದ ಮೇಜಿನ ಎದುರಿನ ಗೋಡೆಗೆ ಅದನ್ನು ಅಂಟಿಸುವ ಕೆಲಸ ಗಂಡ ಶಿವಶರಣರ ಪಾಲಿಗೆ ಬಂತು. ಅವರು ಭೂಮಾಪನ ಇಲಾಖೆಯಲ್ಲಿ ನಕಾಶೆ ನೋಡುತ್ತ ನಿವೃತ್ತರಾದವರು, ಕೆಲಸವನ್ನು ನಿಧಾನವಾಗಿ ಮತ್ತು ಮಾತಿಲ್ಲದೆ ಮಾಡುವವರು. ಅಂಟು ಹಚ್ಚುವುದಕ್ಕೇ ಕಾಲು ಗಂಟೆ ತೆಗೆದುಕೊಂಡರು.

ಎರಡು ದಿನದಲ್ಲಿ ಭುವನೇಶ್ವರಿಯವರಿಗೆ ಪಟ್ಟಿ ಬಾಯಿಪಾಠವಾಯಿತು. ಪಕ್ಕದ ಮನೆಯ ಮೆಹರುನ್ನಿಸಾ ಹೈದರಾಬಾದಿಗೆ ರೈಲಿನಲ್ಲಿ ಹೊರಟಿದ್ದರು, ಆದರೂ ಇವರ ವಿವರಣೆ ಕೇಳಿದ ಮೇಲೆ ಹೆದರಿ ಚೀಲದಿಂದ ಉಪ್ಪಿನಕಾಯಿ ಇಳಿಸಿ ಹೋದರು. ಸೂಪರ್ ಮಾರ್ಕೆಟಿನಿಂದ ತಂದ ಕೊಕ್ಕೆತಕ್ಕಡಿಗೆ ಚೀಲ ಹನ್ನೊಂದು ಸಲ ನೇತಾಡಿತು. ತೂಕ ಇಳಿಸಲು ಉಪನ್ಯಾಸದ ನಲವತ್ತೆರಡು ಹಾಳೆಗಳಿಂದ ಮೂರನ್ನು ಕಿತ್ತು ಹಾಕಿದರು. ಅವು ಕೃತಜ್ಞತೆಯ ಹಾಳೆಗಳು. ಕೊನೆಗೆ ಮುಳ್ಳು ಆರು ಕಿಲೋ ಒಂಬತ್ತುನೂರು ಗ್ರಾಮಿನಲ್ಲಿ ನಿಂತಿತು.

ಶಿವಶರಣರು ಏನೋ ಹೇಳಲು ಬಾಯಿ ತೆರೆದರು.

"ನೀವು ಪಟ್ಟಿ ಓದೀರೇನು? ಓದಲಾರದವರು ಇದರಾಗ ಮಾತಾಡಬಾರದು" ಎಂದರು ಭುವನೇಶ್ವರಿ.

ಶಿವಶರಣರು ಬಾಯಿ ಮುಚ್ಚಿದರು.

ಹೊರಡುವ ದಿನವೇ ಕಮಲಾಪುರದಲ್ಲಿ ಶಿವಶರಣರ ಅಕ್ಕ ಶಂಕ್ರಮ್ಮನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ತಪ್ಪಿಸುವಂತಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಇದೇ ಮನೆಯ ಮದುವೆಯಲ್ಲಿ ಮಡಿಲಿಗೆ ತುಂಬಿದ ಉಡಿಯನ್ನು ಭುವನೇಶ್ವರಿ ಬಸ್ಸಿನಲ್ಲಿ ಮರೆತು ಇಳಿದಿದ್ದರು. ಅದಕ್ಕೆ ಶಂಕ್ರಮ್ಮ ಮೂರು ವರ್ಷ ಮಾತು ಬಿಟ್ಟಿದ್ದರು. ಮೊದಲ ಆರು ತಿಂಗಳು ಮನೆಯಲ್ಲಿ ಒಳ್ಳೆಯ ಶಾಂತಿ ಇತ್ತು. ಆಮೇಲೆ ಗಂಡ ಊಟ ಕಡಿಮೆ ಮಾಡಿದರು. ಆದ್ದರಿಂದ ಚೀಲವನ್ನು ಕಾರಿಗೆ ಹಾಕಿಕೊಂಡು ಕಮಲಾಪುರಕ್ಕೆ ಹೋಗಿ, ಅಲ್ಲಿಂದ ನೇರವಾಗಿ ವಿಮಾನ ನಿಲ್ದಾಣಕ್ಕೆ ಬರುವುದೆಂದು ನಿಶ್ಚಯವಾಯಿತು.

ತೊಟ್ಟಿಲ ಶಾಸ್ತ್ರ ಮುಗಿದು ಹೊರಡುವಾಗ ಶಂಕ್ರಮ್ಮ ಸಾಮಾನು ತರತೊಡಗಿದರು. ಮೊದಲು ಒಂದು ತಂಬಿಗೆ ತುಪ್ಪ ಬಂತು. ನೂರು ಮಿಲಿಲೀಟರಿಗಿಂತ ಹೆಚ್ಚಿನ ದ್ರವ ಕೂಡದು ಎಂದರು ಭುವನೇಶ್ವರಿ. ಅದು ಗಟ್ಟಿ ತುಪ್ಪ ಎಂದರು ಶಂಕ್ರಮ್ಮ. ಗಟ್ಟಿಯಾದರೂ ನಿಯಮದ ಕಣ್ಣಿಗೆ ದ್ರವವೇ ಎಂದು ಇವರು ವಿವರಿಸಿದರು. ಖಾರಪುಡಿ ಬಂತು. ಅದು ಆಯುಧ. ಕೊನೆಗೆ ಕೆಂಪು ಬಾಳೆಯ ಗೊನೆ ಬಂತು. ಅದಕ್ಕೆ ನಿಯಮದ ಅಡ್ಡಿ ಇರಲಿಲ್ಲ, ತೂಕದ ಅಡ್ಡಿ ಇತ್ತು.

ಶಂಕ್ರಮ್ಮನ ಮುಖ ಸಣ್ಣದಾಯಿತು. "ನಮ್ಮ ಮನಿ ಸಾಮಾನೆಲ್ಲ ಬಾಂಬಿನಂಗ ಆಯ್ತು ನಿನಗ. ಉಡಿನಾದ್ರೂ ತುಂಬಿಸ್ಕೋತಿಯೋ, ಅದಕ್ಕೂ ಸರಕಾರಕ್ಕ ಕೇಳಬೇಕೋ?"

ಭುವನೇಶ್ವರಿ ಮನಸ್ಸಿನಲ್ಲೇ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರು. ಇಪ್ಪತ್ತಾರು ಬಾಬುಗಳಲ್ಲಿ ಉಡಿ ಎಂಬುದಿರಲಿಲ್ಲ. ಸೆರಗು ಒಡ್ಡಿದರು. ಐದು ಬೊಗಸೆ ಅಕ್ಕಿ, ಉತ್ತತ್ತಿ, ಅರಿಷಿಣ ಕೊಂಬು, ಅಡಿಕೆ, ವೀಳ್ಯದೆಲೆ, ಮೇಲೆ ಎರಡು ದೊಡ್ಡ ಕೊಬ್ಬರಿ ಬಟ್ಟಲು ಬಿದ್ದವು. ಇದನ್ನು ಇವರ ಕೈಯಲ್ಲಿ ಮನೆಗೆ ಕಳಿಸುತ್ತೇನೆ ಎಂದು ಗಂಡನ ಕಡೆ ನೋಡಿದ್ದೇ ತಪ್ಪಾಯಿತು.

"ತುಂಬಿಸ್ಕೊಂಡಾಕಿ ಒಂದು ದಾರಿ, ಉಡಿ ಒಂದು ದಾರಿ ಹೋದ್ರ ಹೆಂಗವ್ವಾ? ಒಡೀಬ್ಯಾಡ, ಒಗೀಬ್ಯಾಡ. ಮುಟ್ಟಿದ ಊರಾಗ ಬಿಚ್ಚು. ಈ ಸಲನೂ ಬಸ್ಸಿನ್ಯಾಗ ಬಿಡ್ತೀಯೇನು?"

ಹನ್ನೆರಡು ವರ್ಷದ ಹಿಂದಿನ ಬಸ್ಸು ಅಂಗಳಕ್ಕೆ ಬಂದು ನಿಂತಿತು. ಭುವನೇಶ್ವರಿ ಉಡಿಯನ್ನು ಕುಪ್ಪಸದ ಕಣದ ಬಟ್ಟೆಯಲ್ಲಿ ಗಂಟು ಕಟ್ಟಿ ಚೀಲಕ್ಕೆ ಇಟ್ಟರು. ಅದರ ತೂಕಕ್ಕೆ ಸಮನಾಗಿ ತಮ್ಮ ಉಣ್ಣೆಯ ಶಾಲನ್ನು ಹೊರಗೆ ತೆಗೆದು ಗಂಡನಿಗೆ ಕೊಟ್ಟರು. ಶಿವಶರಣರು ಗಂಟನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಆಮೇಲೆ ಕಾರಿನ ಕೀಲಿಕೈ ನೋಡಿದರು.

ನಿಲ್ದಾಣದಲ್ಲಿ ಚೀಲ ಯಂತ್ರದೊಳಗೆ ಹೋಯಿತು. ಎಲ್ಲರ ಚೀಲಗಳು ಈ ಕಡೆ ಬಂದವು. ಇವರದು ಆ ಕಡೆ ಹೋಯಿತು. ಎದೆಯ ಮೇಲೆ ಸೃಷ್ಟಿ ಎಂದು ಹೆಸರಿದ್ದ, ಇಪ್ಪತ್ತನಾಲ್ಕರ ಆಸುಪಾಸಿನ ಹುಡುಗಿ ಗಂಟು ಬಿಚ್ಚಿಸಿದಳು.

"ಇದು ಹೋಗಂಗಿಲ್ರಿ ಮೇಡಂ."

"ಇದು ಉಡಿ."

"ಉಡಿ ಹೋಗ್ತದ್ರಿ. ಕೊಬ್ಬರಿ ಹೋಗಂಗಿಲ್ಲ. ಅದರಾಗ ಎಣ್ಣಿ ಭಾಳ ಇರ್ತದ. ಕಾವು ಹಿಡಿದ್ರ ತಾನಾಗೇ ಬೆಂಕಿ ಹತ್ತತದ್ರಿ." ಹೀಗೆಂದವಳೇ ಚೀಲದ ಮೇಲಿದ್ದ ಕಡತದ ಶೀರ್ಷಿಕೆ ಓದಿದಳು. "ಮನೆಯಲ್ಲಿ ತಾನಾಗಿ ಹೊತ್ತಿಕೊಳ್ಳುವ ವಸ್ತುಗಳು." ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಪಟ್ಟಿಯಲ್ಲಿ ಹಾಗಿಲ್ಲ ಎಂದರು ಭುವನೇಶ್ವರಿ. ಹುಡುಗಿ ಗೋಡೆ ತೋರಿಸಿದಳು. ಅಲ್ಲಿ ಎರಡು ಹಾಳೆಗಳಿದ್ದವು. ಎಡಗಡೆಯದು ಇವರಿಗೆ ಬಾಯಿಪಾಠ. ಬಲಗಡೆಯದನ್ನು ಅವರು ಜೀವನದಲ್ಲಿ ಮೊದಲ ಸಲ ನೋಡುತ್ತಿದ್ದರು. ಅದರ ಮೊದಲ ಸಾಲೇ ಒಣಕೊಬ್ಬರಿ.

ಪಕ್ಕದಲ್ಲಿ ಒಂದು ಕಸದ ಡಬ್ಬಿ ಇತ್ತು. ಹಾಕಿ ಮುಂದೆ ಹೋಗಬಹುದಿತ್ತು. ಭುವನೇಶ್ವರಿ ಶಕುನ ನಂಬುವವರಲ್ಲ. ಕೈ ಡಬ್ಬಿಯವರೆಗೆ ಹೋಯಿತು. ಡಬ್ಬಿಯೊಳಗಿಂದ ಶಂಕ್ರಮ್ಮ ನೋಡುತ್ತಿದ್ದರು. ಕೈ ತಿರುಗಿ ಬಂತು.

"ಒಗೀಬ್ಯಾಡ್ರಿ" ಎಂದಳು ಸೃಷ್ಟಿ ಮೆಲ್ಲಗೆ. "ಮನ್ಯಾಗಿನವರು ಯಾರರೆ ಬಂದ್ರ ಬಾಗಲದಾಗ ಕೊಟ್ಟು ಬರ್ರಿ. ವಿಮಾನ ಹತ್ತಲಿಕ್ಕೆ ಇನ್ನೂ ಇಪ್ಪತ್ತು ಮಿನಿಟು ಅದ."

ಗಂಡ ಅಷ್ಟು ಹೊತ್ತಿಗೆ ಸೇಡಂ ರಸ್ತೆಯ ಮನೆ ಮುಟ್ಟಿರಬೇಕು. ಅಲ್ಲಿಂದ ತಿರುಗಿ ಬರುವುದು ಸಾಧ್ಯವಿರಲಿಲ್ಲ. ಆದರೂ ಫೋನು ಮಾಡಿದರು. ಮೊದಲ ರಿಂಗಿಗೇ ಎತ್ತಿದರು.

"ಬಾಗಲದಾಗೇ ಅದೀನಿ, ಬಾ" ಎಂದರು ಶಿವಶರಣರು.

ಕಾವಲುಗಾರನ ಆಚೆ ಅವರು ನಿಜವಾಗಿಯೂ ನಿಂತಿದ್ದರು. ತೋಳಿನ ಮೇಲೆ ಉಣ್ಣೆಯ ಶಾಲು ಇತ್ತು. ಕೊಡಲು ಪಾತ್ರೆಯಿಲ್ಲ, ಅವಸರದಲ್ಲಿ ಮತ್ತೆ ಕಟ್ಟಿದ ಗಂಟು ಸೋರುತ್ತಿತ್ತು. ಶಿವಶರಣರು ಅಂಗಿಯ ಮುಂಭಾಗವನ್ನು ಎರಡೂ ಕೈಯಿಂದ ಹಿಡಿದು ಒಡ್ಡಿದರು. ನೂರಾರು ಮದುವೆಗಳಲ್ಲಿ ಮೂಢನಂಬಿಕೆಯ ವಿರುದ್ಧ ಮಾತಾಡಿದ ಪ್ರೊಫೆಸರ್ ಭುವನೇಶ್ವರಿ, ಬೀಳ್ಕೊಡಲು ಬಂದ ಮೂರು ಕುಟುಂಬಗಳ ಎದುರು, ಗಂಡನಿಗೆ ಉಡಿ ತುಂಬಿದರು.

"ಮನಿಗೆ ಯಾಕ ಹೋಗ್ಲಿಲ್ಲ?"

"ಕೊಬ್ಬರಿ ಬಿಡಂಗಿಲ್ಲ ಅಂತ ಗೊತ್ತಿತ್ತು. ಹಿಂದಿನ ಪುಟದಾಗ ಅದ."

"ಯಾವ ಹಿಂದಿನ ಪುಟ?"

"ಗ್ವಾಡಿ ಕಡೆ ಇರೋದು. ಅಂಟು ಹಚ್ಚೂಮುಂದ ಓದಿದೆ. ನಮ್ಮ ಇಲಾಖೆದಾಗ ಯಾವ ಕಾಗದನೂ ತಿರುವಿ ನೋಡಲಾರದೆ ಬಿಡಂಗಿಲ್ಲ."

"ಮತ್ತ ಹೇಳಬೇಕಿಲ್ಲೇನು?"

"ಓದಲಾರದವರು ಮಾತಾಡಬಾರದು ಅಂದಿ. ನಾ ಓದಿದ್ದೆ. ಆದ್ರ ಓದೀನಿ ಅಂತ ಹೇಳಲಿಕ್ಕೂ ಮಾತಾಡಬೇಕಲ್ಲ."

ಭುವನೇಶ್ವರಿ ಕೆಳಗೆ ಉದುರಿದ್ದ ಒಂದು ಉತ್ತತ್ತಿಯನ್ನು ಎತ್ತಿ ಗಂಡನ ಅಂಗಿಯೊಳಗೆ ಹಾಕಿದರು. ಶಿವಶರಣರು ಅಂಗಿಯನ್ನು ಒಂದು ಕೈಗೆ ತೆಗೆದುಕೊಂಡು, ಇನ್ನೊಂದರಿಂದ ಶಾಲನ್ನು ಚಾಚಿದರು. ಅದರೊಳಗೆ ಏನೋ ಭಾರವಾದದ್ದಿತ್ತು. ಆರು ಕೆಂಪು ಬಾಳೆಹಣ್ಣು.

"ಅಕ್ಕ ಗೊನಿ ಡಿಕ್ಕಿದಾಗ ಇಟ್ಟಿದ್ದಳು. ಒಯ್ಯಿ. ಇದು ಮುಂದಿನ ಪುಟದಾಗೂ ಇಲ್ಲ, ಹಿಂದಿನ ಪುಟದಾಗೂ ಇಲ್ಲ."

ಶಾಲು, ಹಣ್ಣು ಸೇರಿ ಚೀಲ ಏಳೂವರೆ ಕಿಲೋ ದಾಟಿತ್ತು. ಭುವನೇಶ್ವರಿ ಅದನ್ನು ಹೊತ್ತು ಸೃಷ್ಟಿಯ ಯಂತ್ರ ದಾಟಿದರು, ಟಿಕೆಟ್ ನೋಡುವವನನ್ನು ದಾಟಿದರು, ವಿಮಾನದ ಮೆಟ್ಟಿಲು ಹತ್ತಿದರು. ದಂಡ ಕಟ್ಟಲು ತಯಾರಾಗಿ ಪ್ರತಿಯೊಬ್ಬರ ಮುಖ ನೋಡಿದರು.

ಯಾರೂ ತೂಗಲಿಲ್ಲ.