ಲೋಹಾಸುರನ ವಧೆಗೆ ಸ್ಥಳ ಪರಿಶೀಲನೆ

ರಾಕ್ಷಸನಾಗಲು ಬೇಕಾದ ಸಕಲ ಅರ್ಹತೆಗಳೂ ನನ್ನಲ್ಲಿವೆ ಎಂದು ನನ್ನ ಮಗಳು ಗುರುತಿಸಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಭೂಮಾಪನ ಇಲಾಖೆಯಲ್ಲಿ ಮೂವತ್ತು ವರ್ಷ ಸರಪಳಿ ಎಳೆದು ನಿವೃತ್ತನಾದ ನನ್ನನ್ನು ಗಂಗಾವತಿಯಲ್ಲಿ ಅಲ್ಲಿಯವರೆಗೆ ಯಾರೂ ಯಾವುದಕ್ಕೂ ಗುರುತಿಸಿರಲಿಲ್ಲ!

ಮಗಳು ಸುಮಾ ಮೊಬೈಲಿನಲ್ಲಿ ಆಡುವ ಆಟವೊಂದರಲ್ಲಿ ಸಿಂಹಾಂಬೆ ಎಂಬ ವೀರನಾರಿ ಇದ್ದಾಳೆ. ಸಿಂಹದ ಮುಖ, ಹುಡುಗಿಯ ಮೈ, ಹತ್ತು ಬೆರಳಿಗೂ ಕುಡುಗೋಲಿನಂಥ ಉಗುರು. ನರಸಿಂಹಾವತಾರದ ಕಥೆಯನ್ನೇ ಸ್ವಲ್ಪ ತಿರುಗಿಸಿ ಈಕೆಯನ್ನು ಹುಟ್ಟಿಸಿದ್ದಾರೆ. ಆಟದ ಪಾತ್ರದ ವೇಷ ಕಟ್ಟಿ ಫೋಟೋ ಕಳಿಸುವ ಸ್ಪರ್ಧೆಯೊಂದಿತ್ತು. ಇದಕ್ಕೆ ಈಗ ಕಾಸ್‌ಪ್ಲೇ ಎನ್ನುತ್ತಾರೆ. ನಾವು ಸೋಗು ಎನ್ನುತ್ತಿದ್ದೆವು. ಆಯ್ಕೆಯಾದ ಹತ್ತು ಮಂದಿಗೆ ಹುಬ್ಬಳ್ಳಿಯ ವೇದಿಕೆ. ಸುಮಾ ಮೂರು ತಿಂಗಳು ಫೋಮ್ ಹಾಳೆ ಕತ್ತರಿಸಿ, ಕಾಯಿಸಿ, ಬಣ್ಣ ಬಳಿದು ಕವಚ ಮಾಡಿದ್ದಳು. ಬೆರಳ ತುಂಬ ಸುಟ್ಟ ಗುಳ್ಳೆಗಳು. ಫೋಟೋ ಕಳಿಸಲು ಭಾನುವಾರ ಸಂಜೆ ಏಳು ಗಂಟೆ ಕೊನೆ. ಶನಿವಾರ ನೋಡಿದರೆ, ಸಿಂಹಾಂಬೆ ಕೊಲ್ಲುವ ರಾಕ್ಷಸ ಲೋಹಾಸುರನಾಗಬೇಕಿದ್ದ ಹುಡುಗ ಜ್ವರ ಬಂದು ಮಲಗಿದ.

"ಅಪ್ಪಾ, ನೀ ಸುಮ್ನ ಸತ್ತು ಬಿದ್ದಿರು. ಅಷ್ಟ ಸಾಕು," ಎಂದಳು ಸುಮಾ.

"ಸುಮ್ನ ಸಾಯೋದಾ? ಅಳವಂಡಿ ಬಯಲಾಟದಾಗ ನಾ ಸತ್ತದ್ದು ನೋಡಿ ಮಂದಿ ಇನ್ನೊಮ್ಮೆ ಸಾಯ್ರಿ ಅಂತ ಕೂಗಿದ್ರು!"

"ನೀವು ಮಾತು ಮರತು ನಿಂತಿದ್ರಿ, ಅದಕ್ಕ ಕೂಗಿದ್ರು," ಎಂದಳು ಅಡುಗೆಮನೆಯಿಂದ ನನ್ನ ಹೆಂಡತಿ ಗಿರಿಜಾ. ನನಗೆ ಕೇಳಿಸಲಿಲ್ಲ.

ಸುಮಾ ಮತ್ತು ಕ್ಯಾಮೆರಾ ಹಿಡಿಯುವ ಅವಳ ಗೆಳತಿ ಪರ್ವೀನ್, ಭಾನುವಾರ ನಾಲ್ಕು ಗಂಟೆಗೆ ಊರ ಹೊರಗಿನ ಬಂಡೆಗಳ ನಡುವೆ ಫೋಟೋ ತೆಗೆಯುವುದೆಂದು ತೀರ್ಮಾನಿಸಿದ್ದರು. ನಾನು ಆಕ್ಷೇಪಣೆ ಸಲ್ಲಿಸಿದೆ. ಮೂಲಕಥೆಯಲ್ಲಿ ವಧೆ ನಡೆದದ್ದು ಒಳಗೂ ಅಲ್ಲ, ಹೊರಗೂ ಅಲ್ಲ. ಹಗಲೂ ಅಲ್ಲ, ರಾತ್ರಿಯೂ ಅಲ್ಲ. ನೆಲದ ಮೇಲೂ ಅಲ್ಲ, ಆಕಾಶದಲ್ಲೂ ಅಲ್ಲ. ಒಂದು ತಪ್ಪಿದರೂ ವಧೆ ಊರ್ಜಿತವಾಗುವುದಿಲ್ಲ!

"ಆಟದಾಗ ಹಂಗೇನೂ ಇಲ್ಲಪ್ಪಾ."

"ಆಟ ಮಾಡಿದವರಿಗೆ ಗೊತ್ತಿಲ್ಲಂದ್ರ ನಾವೂ ತಪ್ಪಬೇಕೇನು?"

ಒಳಗೂ ಹೊರಗೂ ಅಲ್ಲದ ಜಾಗವೆಂದರೆ ಹೊಸ್ತಿಲು. ನನ್ನ ಗಾತ್ರದ ರಾಕ್ಷಸನಿಗೆ ತಕ್ಕ ಹೊಸ್ತಿಲು ಇದ್ದದ್ದು ಗಿರಿಜಾಳ ತಮ್ಮ ಬಸವರಾಜನ ರೈಸ್‌ಮಿಲ್ಲಿನಲ್ಲಿ. ಲಾರಿ ನುಗ್ಗುವಷ್ಟು ಅಗಲ! ಯಂತ್ರದ ಪಟ್ಟಾ ಹರಿದು ಮಿಲ್ಲು ವಾರದಿಂದ ನಿಂತಿತ್ತು. ಟೇಪು ಹಿಡಿದು ಹೊಸ್ತಿಲಿನ ನಡುಗೆರೆ ಗುರುತಿಸಿ, ತಲೆ ಒಳಗೆ, ಕಾಲು ಹೊರಗೆ, ಹೊಟ್ಟೆ ಗಡಿಯ ಮೇಲೆ ಎಂದು ನಿರ್ಧರಿಸಿದೆ. ಉದ್ದ ಅಳೆದೆ, ಅಗಲ ಅಳೆದೆ. ಮೇಲೆ ನೋಡಲಿಲ್ಲ. ನಮ್ಮ ಇಲಾಖೆಯಲ್ಲಿ ಆ ಪದ್ಧತಿಯಿಲ್ಲ.

ಮೇಲೆ, ಭತ್ತದ ಹೊಟ್ಟನ್ನು ಹೊರಗೆ ಊದುವ ಪೈಪು ರಿಪೇರಿಗಾಗಿ ಬಿಚ್ಚಿಕೊಂಡು ಬಾಯಿ ತೆರೆದಿತ್ತು.

"ಮಾವಾರ, ಆರೂವರಿಗೆ ಮಿಲ್ಲು ಒಮ್ಮೆ ಓಡಿಸಿ ನೋಡತೀವ್ರಿ. ಅಷ್ಟರಾಗ ಮುಗಸ್ರಿ," ಎಂದು ಬಸವರಾಜ ಹೇಳಿಯೇ ಹಿಂದಕ್ಕೆ ಹೋದ. ಟೇಪು ಸುತ್ತುತ್ತಿದ್ದ ನಾನು ಗಂಭೀರವಾಗಿ ತಲೆಯಾಡಿಸಿದೆ.

ನೆಲವೂ ಆಕಾಶವೂ ಅಲ್ಲವೆಂದರೆ ತೊಡೆ. ಸುಮಾ ನನ್ನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. ತೊಡೆಯ ಪ್ರಸ್ತಾವ ಚರ್ಚೆಯಿಲ್ಲದೆ ಬಿದ್ದುಹೋಯಿತು. ಬದಲಿಗೆ ನಾಲ್ಕು ಭತ್ತದ ಚೀಲ ಮಂಜೂರಾದವು.

ಆರು ಗಂಟೆಗೆ ಪರ್ವೀನ್ ಕುಣಿದಾಡಿದಳು. "ಅಂಕಲ್, ಬೆಳಕು ಭಾಳ ಛಲೋ ಬಿದ್ದೈತ್ರಿ, ಮಕ್ಕೊಳ್ರಿ!"

"ಸೂರ್ಯ ಇನ್ನೂ ಅದಾನ. ಇದು ಹಗಲು!"

ಕಾಯುವ ಸಮಯವನ್ನು ಸದುಪಯೋಗಪಡಿಸಿಕೊಂಡೆ. ನನ್ನ ಕವಚದ ಬಂಗಾರದ ಕಾಗದ ಅಲ್ಲಲ್ಲಿ ಏಳುತ್ತಿತ್ತು. ಗೋಂದಿನ ಡಬ್ಬಿ ತೆಗೆದು ಎದೆಗೆ, ತೋಳಿಗೆ, ಹೊಟ್ಟೆಗೆ ಧಾರಾಳವಾಗಿ ಬಳಿದೆ. ಉಳಿದದ್ದನ್ನು ಮೀಸೆಗೆ ಹಚ್ಚಿ ಮೇಲಕ್ಕೆ ತಿರುವಿದೆ.

ಸೂರ್ಯ ಮುಳುಗಿದ. ಚೀಲಗಳ ಮೇಲೆ ಮಲಗಿದೆ. ಸುಮಾ ಪಕ್ಕದಲ್ಲಿ ನಿಂತು ಉಗುರೆತ್ತಿದಳು. ಆಹಾ, ಎಂಥ ಕಳೆ! ಮೈ ಜುಮ್ಮೆಂದಿತು. ನಾನು ಅಳವಂಡಿಯ ಆರ್ತನಾದಕ್ಕೆಂದು ಬಾಯಿ ಪೂರ್ತಿ ತೆರೆದೆ.

ಆರೂವರೆಯಾಯಿತು. ಮಿಲ್ಲು ಶುರುವಾಯಿತು!

ಪೈಪಿನೊಳಗೆ ವಾರದಿಂದ ಕೂತಿದ್ದ ಹೊಟ್ಟೆಲ್ಲ ಒಂದೇ ಉಸಿರಿಗೆ ನನ್ನ ಮೇಲೆ ಇಳಿಯಿತು. ಗಾಬರಿಯಿಂದ ಹೊರಳಿದೆ; ಚೀಲ ಜಾರಿದವು; ಹೊಸ್ತಿಲ ಮೇಲೆ ಅಂಗಾತ ಬಿದ್ದೆ. ಗೋಂದಿದ್ದ ಕಡೆಯೆಲ್ಲ ಹೊಟ್ಟು ಅಂಟಿತು. ಗೋಂದಿಲ್ಲದ ಕಡೆ ಎಂಬುದೇ ಇರಲಿಲ್ಲ. ಮನುಷ್ಯನೂ ಆಗಿರಬಾರದು, ಮೃಗವೂ ಆಗಿರಬಾರದು ಎಂಬ ಇನ್ನೊಂದು ಷರತ್ತನ್ನು ನಾನು ಮರೆತಿದ್ದೆ. ಅದು ಕೊಲ್ಲುವವರಿಗೆ ಸಂಬಂಧಿಸಿದ್ದು. ಜಾರಿಯಾದದ್ದು ನನ್ನ ಮೇಲೆ!

ಕಾಲು ತಾಸು ದೂಳೆಬ್ಬಿಸಿ ಮಿಲ್ಲು ನಿಂತಿತು. ಸುಮಾ ಮುಖವಾಡ ಮೇಲೆತ್ತಿದಳು. ಕಣ್ಣು ತುಂಬಿತ್ತು.

"ಹದಿನೈದು ನಿಮಿಷ ಉಳದೈತಿ. ಒಂದೂ ಫೋಟೋ ಇಲ್ಲ. ಮೂರು ತಿಂಗಳಪ್ಪಾ…"

ನನಗೂ ಗಂಟಲು ಕಟ್ಟಿತು. ಅರ್ಧ ದುಃಖಕ್ಕೆ, ಅರ್ಧ ಹೊಟ್ಟಿಗೆ. ಏಳಲು ಹೋದೆ.

"ಅಪ್ಪಾ, ಅಲ್ಲಾಡಬ್ಯಾಡ!"

ಮರುಕ್ಷಣ ಸಿಂಹಾಂಬೆಯ ಬಲಗಾಲು ನನ್ನ ಹೊಟ್ಟೆಯ ಮೇಲಿತ್ತು. ಮಿಲ್ಲಿನ ದೀಪದಲ್ಲಿ ಹೊಟ್ಟಿನ ದೂಳು ಬಂಗಾರದ ಹೊಗೆಯಂತೆ ಅವಳ ಸುತ್ತ ಸುಳಿಯುತ್ತಿತ್ತು.

"ಪರ್ವೀನ್, ತಗಿ! ಅಪ್ಪಾ, ಉಸಿರು ತಗೋಬ್ಯಾಡ!"

ಮೈಯೆಲ್ಲ ನವೆ. ಮೂಗಿನ ತುದಿಯಲ್ಲಿ ಸೀನು. ನನ್ನ ಜೀವಮಾನದ ಅತ್ಯುತ್ತಮ ನಟನೆಯನ್ನು ನಾನು ಆ ಎರಡು ನಿಮಿಷ ಮಾಡಿದೆ: ಏನೂ ಮಾಡಲಿಲ್ಲ. ಏಳಕ್ಕೆ ಎರಡು ನಿಮಿಷವಿರುವಾಗ ಫೋಟೋ ಹೋಯಿತು. ಆಮೇಲೆ ನಾನು ಸೀನಿದ್ದಕ್ಕೆ ಬಸವರಾಜ ಹಿಂದಿನಿಂದ ಓಡಿ ಬಂದು, "ಮತ್ತ ಪಟ್ಟಾ ಹರೀತೇನು?" ಎಂದ.

ಗಿರಿಜಾ ಕೊಬ್ಬರಿ ಎಣ್ಣೆ ಹಾಗೂ ಪಾತ್ರೆ ತಿಕ್ಕುವ ನಾರಿನಿಂದ ನನ್ನನ್ನು ಮೂರು ದಿನ ಬಿಡಿಸಿದಳು. ಮೀಸೆ ಮಾತ್ರ ಉಳಿಯಲಿಲ್ಲ.

ಮುಂದಿನ ವಾರ ಫಲಿತಾಂಶ ಬಂತು. ಸುಮಾ ಆಯ್ಕೆಯಾಗಿದ್ದಳು! ಮನೆಯೆಲ್ಲ ಕುಣಿದೆವು. ತೀರ್ಪುಗಾರರ ಟಿಪ್ಪಣಿಯನ್ನು ನಾನೇ ಗಟ್ಟಿಯಾಗಿ ಓದಿದೆ: "ಕವಚ ಉತ್ತಮ. ಕಾಲಡಿಯ ಬಂಗಾರದ ದಿಬ್ಬ ಅದ್ಭುತ. ರಾಕ್ಷಸನೂ ಇದ್ದಿದ್ದರೆ ಚಿತ್ರ ಪೂರ್ಣವಾಗುತ್ತಿತ್ತು."

ಎರಡನೇ ಸಲ ಓದಲಿಲ್ಲ.

ನಿನ್ನೆ ಮಧ್ಯಾಹ್ನ ಶ್ರೀರಾಮನಗರದಿಂದ, ಮದುವೆ ಗೊತ್ತಾದ ಒಂದು ಜೋಡಿ ಮನೆಗೆ ಬಂದಿತ್ತು. ನಾನು ಪಡಸಾಲೆಯಲ್ಲಿ ಅಡ್ಡಾಗಿದ್ದೆ.

"ಅಮ್ಮಾರ, ಸುಮಾ ಫೋಟೋದಾಗ ಒಂದು ದಿಬ್ಬ ಐತಲ್ರಿ, ಅದೆಲ್ಲಿ ಬರತೈತ್ರಿ? ನಾವೂ ಅದರ ಮ್ಯಾಲ ನಿಂತು ತೆಗಸ್ಕೋಬೇಕಂತೀವ್ರಿ," ಎಂದ ಹುಡುಗ.

"ಈಗಷ್ಟ ಉಂಡು ಮಕ್ಕೊಂಡೈತಿ," ಎಂದಳು ಗಿರಿಜಾ. "ಎದ್ದ ಮ್ಯಾಲ ಕೇಳಿ ನೋಡ್ರಿ."

ನಾನು ಹೊಟ್ಟೆ ಒಳಗೆಳೆದುಕೊಂಡು ಗೋಡೆಯ ಕಡೆ ಮಗ್ಗುಲಾದೆ.