ಸಿಹಿ ನೋಡುವ ದುರ್ಬೀನು

ಮಾವಿನಹಣ್ಣನ್ನು ಮೊದಲು ಕಣ್ಣಿನಿಂದ ತಿಂದು ಆಮೇಲೆ ಬಾಯಿಗೆ ಹಾಕಿಕೊಳ್ಳುವವರು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅವರು ನಮ್ಮ ಕಾಕಾ. ಉತ್ಪ್ರೇಕ್ಷೆ ಅನ್ನಬೇಡಿ. ಬೇಕಾದರೆ ಒಂದು ದಿನ ಮನೆಗೆ ಕರೆದು ಒಂದು ಲೋಟ ಶರಬತ್ತು ಕೊಟ್ಟು ನೋಡಿ. ಕೊಟ್ಟ ಮೇಲೆ ನಿಮ್ಮ ಮುಖ ಹೇಗಾಗುತ್ತದೆ ಎಂಬುದನ್ನು ನಾನು ಇಲ್ಲಿಂದಲೇ ಹೇಳಬಲ್ಲೆ.

ಕಾಕಾ ನನ್ನ ಅಪ್ಪನ ತಮ್ಮ. ಒಂದು ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿ, ನಿವೃತ್ತರಾಗಿ, ಈಗ ಕೊಣ್ಣೂರಿನಲ್ಲಿದ್ದಾರೆ. ಕಬ್ಬಿನ ರಸದಲ್ಲಿ ಸಿಹಿ ಎಷ್ಟಿದೆ ಎಂದು ನೋಡುವುದೇ ಅವರ ಜೀವಮಾನದ ಉದ್ಯೋಗವಾಗಿತ್ತು. ಹಾಗೆ ನೋಡುವ ಉಪಕರಣಕ್ಕೆ ರಿಫ್ರಾಕ್ಟೋಮೀಟರ್ ಎಂದು ಹೆಸರು. ಅಂಗೈಗಿಂತ ತುಸು ಉದ್ದದ ನಳಿಗೆ. ಒಂದು ತುದಿಗೆ ಓರೆಯಾಗಿ ಕೂರಿಸಿದ ಗಾಜು, ಇನ್ನೊಂದು ತುದಿಗೆ ಕಣ್ಣಿಡುವ ಕಿಂಡಿ. ಗಾಜಿನ ಮೇಲೆ ಒಂದು ಹನಿ ರಸ ಬಿಟ್ಟು ಬೆಳಕಿನ ಕಡೆ ಹಿಡಿದರೆ ಒಳಗೆ ಮೇಲೆ ನೀಲಿ, ಕೆಳಗೆ ಬಿಳಿ ಕಾಣುತ್ತದೆ. ಎರಡೂ ಕೂಡುವ ಗೆರೆ ಯಾವ ಅಂಕಿಯ ಮೇಲೆ ನಿಂತಿದೆಯೋ ಅದೇ ಸಿಹಿಯ ಅಳತೆ. ಸಿಹಿ ಹೆಚ್ಚಾದಷ್ಟೂ ಗೆರೆ ಮೇಲೇರುತ್ತದೆ. ಊರವರು ಆ ಉದ್ದ ಹೆಸರಿನ ಗೊಡವೆಗೆ ಹೋಗದೆ ಅದನ್ನು ದುರ್ಬೀನು ಎಂದರು, ನಮ್ಮ ಕಾಕಾನನ್ನು ದುರ್ಬೀನ ಕಾಕಾ ಎಂದರು.

ಕಾರ್ಖಾನೆಯಲ್ಲಿ ಅದನ್ನು ಬಳಸಿದರೆ ಯಾರ ತಕರಾರೂ ಇಲ್ಲ. ಆದರೆ ಈಗ ಕೆಲವು ವರ್ಷಗಳಿಂದ ಕಾಕಾ ಅದನ್ನು ಊಟದ ಪಂಕ್ತಿಗೇ ತರುತ್ತಿದ್ದಾರೆ. ಕನ್ನಡಕ ಮರೆತು ಹೋದದ್ದುಂಟು, ದುರ್ಬೀನು ಮರೆತದ್ದನ್ನು ನಾನು ನೋಡಿಲ್ಲ.

ಇದರಿಂದ ಎಲ್ಲರಿಗಿಂತ ಹೆಚ್ಚು ಸೋತವರು ಅವರ ಹೆಂಡತಿ, ನಮ್ಮ ಕಾಕು. ಬೆಳಿಗ್ಗೆ ಚಹಾ ಕೊಟ್ಟರೆ ಕಾಕಾ ಒಂದು ಹನಿಯನ್ನು ಗಾಜಿನ ಮೇಲೆ ಬಿಟ್ಟು ಕಿಟಕಿಯ ಕಡೆ ತಿರುಗುತ್ತಾರೆ.

“ಸಕ್ಕರಿ ಸಾಕೇನ್ರಿ?” ಎನ್ನುತ್ತಾರೆ ಕಾಕು.

“ಹನ್ನೆರಡು.”

“ನಾ ಕೇಳಿದ್ದು ಸಾಕೋ ಬೇಕೋ ಅಂತ. ನಂಬರ ಅಲ್ಲ.”

“ಹನ್ನೆರಡು ಅಂದ್ರ ಸಾಕ ಅಂತನ ಅರ್ಥ. ಆದರ ಹಾಲ ಹಾಕಿದ್ದಕ್ಕ ಗೆರಿ ಮಸಕ ಕಾಣಾಕತ್ತೈತಿ. ನಾಳೆ ಹಾಲ ಕಡಿಮಿ ಹಾಕು.”

ಕಾಕು ನನ್ನ ಕಡೆ ತಿರುಗಿ, “ಇಷ್ಟ ವರ್ಷ ನನ್ನ ಕೈಯಾಗಿನ ಅಡಿಗಿ ಉಂಡವರು, ಈಗ ಸಾಕ್ಷಿ ಕೇಳಾಕತ್ತಾರ ನೋಡವ್ವಾ,” ಎಂದರು. ಸಂಸಾರದಲ್ಲಿ ಗೆರೆ ದಾಟಬಾರದು ಎಂದು ಕೇಳಿದ್ದೆ. ಗೆರೆ ಮಸುಕಾದದ್ದಕ್ಕೂ ಜಗಳವಾಗುತ್ತದೆಂದು ಗೊತ್ತಾದದ್ದು ಅವತ್ತೇ.

ಒಮ್ಮೆ ಅವರ ಜೊತೆ ಮೂಡಲಗಿಯ ಸಂತೆಗೆ ಹೋಗಿದ್ದೆ. ಬಿಸಿಲು ಜೋರಿತ್ತು. ಕಬ್ಬಿನ ಹಾಲಿನ ಗಾಡಿಯ ಮುಂದೆ ನಿಂತೆವು. ಗಾಡಿಯವನು ಗ್ಲಾಸು ಕೊಟ್ಟದ್ದೇ ತಡ, ಕಾಕಾ ದುರ್ಬೀನು ತೆಗೆದರು. ಸುತ್ತ ನಿಂತವರೆಲ್ಲ ಕುಡಿಯುವುದನ್ನು ಬಿಟ್ಟು ನೋಡತೊಡಗಿದರು.

“ಏನ್ರಿ ಕಾಕಾ, ನನ್ನ ಜಾತಕ ಕಾಣತೈತೇನ್ರಿ ಅದರಾಗ?” ಎಂದ ಗಾಡಿಯವನು.

“ಜಾತಕ ಅಲ್ಲೋ, ನೀರ ಕಾಣಾಕತ್ತೈತಿ. ಹದಿಮೂರಕ್ಕ ಇಳದೈತಿ. ಬರ್ಫ ಎಷ್ಟ ಹಾಕೀಪಾ?”

ಅವನು ಐಸು ಹಾಕದೆ ಇನ್ನೊಂದು ಗ್ಲಾಸು ಹಿಂಡಿಕೊಟ್ಟ. ಕಾಕಾ ಮತ್ತೆ ನೋಡಿ, “ಹತ್ತೊಂಬತ್ತು. ಛಲೋ ಕಬ್ಬ ತಂದೀ,” ಎಂದು ಬೆನ್ನು ತಟ್ಟಿದರು. ನನಗೋ ಮುಜುಗರ. ಇನ್ನು ಈ ಸಂತೆಯಲ್ಲಿ ಮುಖ ತೋರಿಸುವ ಹಾಗಿಲ್ಲ ಅಂದುಕೊಂಡೆ. ಮುಂದಿನ ಸಲ ಹೋದಾಗ ಆ ಮಹಾರಾಯ ಗಿರಾಕಿಗಳನ್ನು ಕೂಗಿ ಕರೆಯುತ್ತಿದ್ದ: “ಬರ್ರಿ, ಬರ್ರಿ, ಕೊಣ್ಣೂರ ಕಾಕಾ ದುರ್ಬೀನ ಹಚ್ಚಿ ಪಾಸ್ ಮಾಡಿದ ಹಾಲು!”

ಗೋಕಾಕದ ಕರದಂಟಿನ ಅಂಗಡಿಯಲ್ಲಿ ಮಾತ್ರ ದುರ್ಬೀನು ಕೈಕೊಟ್ಟಿತು. ಬೆಲ್ಲ, ಅಂಟು, ಒಣ ಹಣ್ಣುಗಳಿಂದ ಕಟ್ಟಿದ ಆ ಗಟ್ಟಿ ತುಂಡನ್ನು ಹನಿ ಹನಿಯಾಗಿ ಬಿಡುವುದು ಹೇಗೆ? ಕಾಕಾ ಸೋಲೊಪ್ಪಲಿಲ್ಲ. ಅಂಗಡಿಯವರ ಹತ್ತಿರ ಬಿಸಿನೀರು ಕೇಳಿ ತುಂಡನ್ನು ಅದರಲ್ಲಿ ಹಾಕಿ ಕದಡತೊಡಗಿದರು. ಅಂಗಡಿಯವರು ಎದೆಯ ಮೇಲೆ ಕೈಯಿಟ್ಟುಕೊಂಡು, “ಇದನ್ನ ತಿನ್ನಾಕ ಮಾಡೇವ್ರಿ ಸಾಹೇಬ್ರ, ಕರಗಸಾಕಲ್ಲ,” ಎಂದರು. ಕಾಕಾ ಅಳತೆ ನೋಡಿಯಾದ ಮೇಲೆ ಆ ಲೋಟವನ್ನು ನನ್ನ ಕೈಗಿತ್ತು, “ಕುಡಿಯವ್ವಾ. ಕುಡದ ಹೆಂಗೈತಿ ಹೇಳು,” ಎಂದರು. ಕುಡಿದೆ. ಕರದಂಟನ್ನು ಕುಡಿದವರು ಗೋಕಾಕದಲ್ಲಿ ಬೇರೆ ಯಾರಾದರೂ ಇದ್ದರೆ ಅವರನ್ನು ನೋಡುವ ಆಸೆ ನನಗಿದೆ.

ಇಷ್ಟೆಲ್ಲ ನಗುತ್ತ ಹೇಳುತ್ತಿದ್ದೇನೆ. ಆದರೆ ಕಾಕಾನ ಮಗಳು ಶೈಲಾಳಿಗೆ ಹುಕ್ಕೇರಿಯ ಸಂಬಂಧ ಕೂಡಿಬಂದಾಗ ನಮಗೆ ಯಾರಿಗೂ ನಗು ಬರಲಿಲ್ಲ. ಹುಡುಗ ಒಳ್ಳೆಯವನು, ಶೈಲಾಳಿಗೆ ಬಹಳ ಹಿಡಿಸಿದ್ದ. ನಮ್ಮ ಕಡೆ ನಿಶ್ಚಿತಾರ್ಥಕ್ಕೆ ಸಾಖರಪುಡಾ ಎನ್ನುತ್ತಾರೆ, ಸಕ್ಕರೆಯ ಪೊಟ್ಟಣ ಎಂದು ಅರ್ಥ. ಕಾರ್ಯಕ್ರಮದ ಹೆಸರಿನಲ್ಲೇ ಸಕ್ಕರೆ ಇರುವಾಗ ಕಾಕಾ ಸುಮ್ಮನಿರುತ್ತಾರೆಯೇ?

ಅದಕ್ಕಾಗಿ ಹುಕ್ಕೇರಿಗೆ ಹೊರಡುವ ದಿನ ಬೆಳಿಗ್ಗೆ ಶೈಲಾ ಅವರ ಮುಂದೆ ನಿಂತಳು. “ಅಪ್ಪಾ, ಇವತ್ತೊಂದಿನ ಅದನ್ನ ಮನ್ಯಾಗ ಬಿಡ್ರಿ. ನನ್ನ ಸಲುವಾಗಿ.”

ಕಾಕಾ ಅವಳ ಮುಖ ನೋಡಿದರು. ದುರ್ಬೀನಿನ ಪೆಟ್ಟಿಗೆ ತಂದು ಅವಳ ಕೈಯಲ್ಲಿಟ್ಟರು. ಅವಳು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಪೆಟ್ಟಿಗೆ ಖಾಲಿಯಿತ್ತು ಎಂಬುದು ನಮಗೆ ಗೊತ್ತಾದದ್ದು ಹುಕ್ಕೇರಿಯಲ್ಲಿ.

ಶಾಸ್ತ್ರಗಳೆಲ್ಲ ಚೆನ್ನಾಗಿಯೇ ಮುಗಿದವು. ಊಟಕ್ಕೆ ಕೂತೆವು. ಹುಡುಗನ ಅಜ್ಜಿ, ಮನೆಯವರೆಲ್ಲ ಆಯಿ ಎನ್ನುವವರು, ತಾವೇ ಒಲೆಯ ಮುಂದೆ ಕೂತು ಬೆಲ್ಲ ಹಾಕಿ ಗೋಧಿ ಹುಗ್ಗಿ ಮಾಡಿದ್ದರು. ಬಡಿಸಿ, ತುಪ್ಪ ಹಾಕಿ, ಬೀಗರು ಮೊದಲ ತುತ್ತು ತಿನ್ನಲೆಂದು ಎದುರಿಗೇ ನಿಂತರು. ಕಾಕಾನ ಕೈ ಅಂಗಿಯ ಒಳಜೇಬಿಗೆ ಹೋಯಿತು. ಹೊರಬಂದಾಗ ಕೈಯಲ್ಲಿ ದುರ್ಬೀನಿತ್ತು.

ಹುಗ್ಗಿಯ ಅಂಚಿನಿಂದ ಒಂದು ಹನಿ ತೆಗೆದು ಗಾಜಿನ ಮೇಲೆ ಬಿಟ್ಟರು. ಕಿಟಕಿಯ ಕಡೆ ತಿರುಗಿದರು. ಶೈಲಾ ತಲೆ ಬಗ್ಗಿಸಿದಳು.

“ಏನ ಹುಡುಕಾಕತ್ತೀರಿ ಬೀಗರ?” ಎಂದರು ಆಯಿ. “ಹುಳಾ ಗಿಳಾ ಬಿದ್ದೈತೇನ್ರಿ?”

ಹುಡುಗನ ತಂದೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟರು. “ನೀವು ಸಂಬಂಧ ಮಾಡಾಕ ಬಂದೀರೋ, ಸರಕ ತಪಾಸ ಮಾಡಾಕ ಬಂದೀರೋ?”

ಕಾಕಾ ಯಾವುದನ್ನೂ ಕೇಳಿಸಿಕೊಂಡಂತಿರಲಿಲ್ಲ. ಗಾಜು ಒರೆಸಿ ಇನ್ನೊಂದು ಹನಿ ಬಿಟ್ಟು ಮತ್ತೆ ನೋಡಿದರು. ಅವರ ಮುಖ ಸಣ್ಣದಾಯಿತು. “ಪೂರಾ ಬೆಳ್ಳಗ ಕಾಣಾಕತ್ತೈತಿ,” ಎಂದರು. “ಗೆರಿನ ಇಲ್ಲ. ಇದರ ಅಳತಿ ದಾಟಿ ಹೋಗೇತಿ.”

ಗಾಜು ಒರೆಸಿ ದುರ್ಬೀನು ಕೆಳಗಿಟ್ಟರು. ಆಮೇಲೆ ಆಯಿಯ ಕಡೆ ನೋಡಿ ಹೇಳಿದರು, “ತಪ್ಪ ತಿಳ್ಕೋಬ್ಯಾಡ್ರಿ. ನಿಮ್ಮ ಹುಗ್ಗಿ ಮ್ಯಾಲ ನನಗ ಸಂಶಯ ಇಲ್ಲ. ಹಿಂದೊಮ್ಮೆ ದೊಡ್ಡ ಜ್ವರ ಬಂದಿತ್ತು. ಆವಾಗಿಂದ ನನ್ನ ನಾಲಿಗಿಗೆ ಸಿಹಿ ತಿಳಿಯೂದಿಲ್ಲ. ಉಪ್ಪ ತಿಳೀತೈತಿ, ಖಾರ ತಿಳೀತೈತಿ, ಸಿಹಿ ಒಂದ ಇಲ್ಲ. ಇವತ್ತ ನನ್ನ ಮಗಳ ಸಾಖರಪುಡಾ. ಎಷ್ಟ ಸಿಹಿ ಐತಿ ಅಂತ ತಿಳ್ಕೊಬೇಕ ಅನಿಸ್ತು, ಅಷ್ಟ.”

ಕಾಕು ಪಂಕ್ತಿಯಿಂದ ಎದ್ದೇ ಬಿಟ್ಟರು. “ನನ್ನ ಮುಂದ ಒಂದ ಮಾತ ಹೇಳಬಾರದಾಗಿತ್ತೇನ್ರಿ?”

“ಹೇಳಿದ್ರ ನೀ ಮನ್ಯಾಗ ಸಿಹಿ ಮಾಡೋದ ಬಿಟ್ಟಬಿಡ್ತಿದ್ದಿ,” ಎಂದರು ಕಾಕಾ. “ನಿನಗ ಹುಗ್ಗಿ ಅಂದ್ರ ಭಾಳ ಸೇರತೈತಿ. ಹುಡುಗೂರಿಗೂ ಸೇರತೈತಿ. ನಂಬರ ನೋಡಿ ಛಲೋ ಆಗೇತಿ ಅಂತ ಹೇಳಿದ್ರ ನಡೀತೈತಿ ಅಂದ್ಕೊಂಡಿದ್ದೆ.”

ಹುಡುಗನ ತಂದೆ ಕಾಕಾನ ನೀರಿನ ಲೋಟ ತುಂಬಿದ್ದರೂ ಮತ್ತೆ ನೀರು ಹಾಕಲು ಹೋಗಿ ಚೆಲ್ಲಿದರು. ಶೈಲಾ ಅಳುತ್ತಿದ್ದಳು. ಆಯಿ ಮಾತ್ರ ಸೆರಗು ಸಿಕ್ಕಿಸಿಕೊಂಡು, ನೋಯುವ ಮೊಣಕಾಲನ್ನು ಹಿಡಿದುಕೊಂಡು, ಮೆಲ್ಲಗೆ ಕಾಕಾನ ಬಾಜೂ ಕೂತರು. ಕಾಕಾನ ಎಲೆಯಿಂದಲೇ ಬೆರಳ ತುದಿಯಲ್ಲಿ ಸ್ವಲ್ಪ ಹುಗ್ಗಿ ತೆಗೆದು ಬಾಯಿಗಿಟ್ಟುಕೊಂಡರು.

“ಹೇಳತೀನಿ ಕೇಳ್ರಿ ಬೀಗರ,” ಎಂದರು. “ಇದು ಹೊಸಾ ಬೆಲ್ಲ. ಮೊದಲ ತುಪ್ಪದ ಜೋಡಿ ತುಟಿಗೆ ಹತ್ತತೈತಿ. ಗೋಧಿ ಅಗದಂಗ ಅಗದಂಗ ಒಳಗಿಂದ ಸಿಹಿ ಬಿಡತೈತಿ. ಆಮ್ಯಾಲ ಗಂಟಲದಾಗ ಬೆಚ್ಚಗ ಇಳೀತೈತಿ. ಇಳದ ಮ್ಯಾಲ ನೀರ ಕುಡಿಯಾಕ ಮನಸ ಬರೂದಿಲ್ಲ, ಹೋದೀತು ಅಂತ.”

ಕಾಕಾ ಒಂದು ತುತ್ತು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ನಿಧಾನವಾಗಿ ಅಗಿದರು.

“ಇನ್ನೊಂದ ಸ್ವಲ್ಪ ಹೇಳ್ರಿ,” ಎಂದರು.