ನಾಲ್ಕನೇ ಏಟಿನ ಟಕ್

ನನಗೊಂದು ಚಟವಿದೆ. ಸಿಗರೇಟೋ ಇಸ್ಪೀಟೋ ಆಗಿದ್ದರೆ ಮನೆಯವರು ಬೈದಾದರೂ ಬಿಡಿಸುತ್ತಿದ್ದರು, ಇದು ಬೈಗುಳಕ್ಕೂ ಸಿಗದ ಚಟ. ಬೇರೆ ಯಾರೂ ಕೇಳಿರದ ಹಾಡನ್ನು ನಾನು ಕೇಳಬೇಕು. ಅದು ಯಾವ ಭಾಷೆಯದಾದರೂ ಸರಿ, ಹಾಡಿದವರು ಯಾವ ಊರಿನ ಗ್ಯಾರೇಜಿನಲ್ಲಿ ಕೂತು ಹಾಡಿದ್ದರೂ ಸರಿ, ಆ ತಂಡದ ಹೆಸರು ಹೇಳಿದೊಡನೆ ಎದುರಿಗಿದ್ದವರು "ಯಾರವರು?" ಅನ್ನಬೇಕು. ಆ ಪ್ರಶ್ನೆಯಿಂದ ಆಗುವಷ್ಟು ಸಂತೋಷ ನನಗೆ ಹಾಡಿನಿಂದಲೂ ಆಗಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಅದೇ ಹಾಡನ್ನು ಇನ್ನೊಬ್ಬರು ಗುನುಗಿದರೋ, ಅಲ್ಲಿಗೆ ನನ್ನ ಪ್ರೀತಿ ಮುಗಿಯಿತು. ಒಮ್ಮೆ ನನ್ನ ಹೆಂಡತಿ ಶಾರದೆ ಒಗ್ಗರಣೆ ಹಾಕುತ್ತಾ ನಾನು ಕಷ್ಟಪಟ್ಟು ಹುಡುಕಿದ ಯಾವುದೋ ತಂಡದ ರಾಗ ಎಳೆದಳು. ಅವತ್ತೇ ಆ ತಂಡವನ್ನು ಫೋನಿನಿಂದ ಅಳಿಸಿ ಹಾಕಿದೆ. ಯಾಕೆಂದು ಕೇಳಿದಳು, ನಾನು ನಿಜವನ್ನೇ ಹೇಳಿಬಿಟ್ಟೆ. ಅವಳು ಏನೂ ಅನ್ನಲಿಲ್ಲ. ಏನೂ ಅನ್ನದಿದ್ದಾಗಲೇ ಹೆಚ್ಚು ಹುಷಾರಾಗಿರಬೇಕೆಂದು ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಗೊತ್ತಿರಬೇಕಿತ್ತು.

ಹೊಟ್ಟೆಪಾಡಿಗೆ ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ನನ್ನ ಕೆಲಸವೂ ಕೇಳುವುದೇ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೆಷಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಒಳಗೆ ಏನು ಸವೆದಿದೆ, ಯಾವುದು ಸಡಿಲವಾಗಿದೆ ಎಲ್ಲ ಕೇಳಿಸುತ್ತದೆ. ಡಾಕ್ಟರಿಗೆ ಸ್ಟೆತಸ್ಕೋಪ್ ಇದ್ದ ಹಾಗೆ ನಮಗೆ ಅದು. ಇಂಥ ಕಿವಿಯ ಮೇಲೆ ನನಗೆ ಜಂಬವಿತ್ತು. ಲಗ್ಗೆರೆಯ ಮೊಬೈಲ್ ಅಂಗಡಿಯ ಸಲೀಮನಿಗೂ ಅದು ಗೊತ್ತಿತ್ತು. ಆ ಕಾಲದಲ್ಲಿ ಎಲ್ಲರೂ ಅವನ ಅಂಗಡಿಯಲ್ಲಿ ಮೆಮೊರಿ ಕಾರ್ಡ್ ಕೊಟ್ಟು ಸಿನಿಮಾ ಹಾಡು ತುಂಬಿಸಿಕೊಂಡು ಹೋಗುತ್ತಿದ್ದರು. ನಾನು ಮಾತ್ರ, "ಯಾರೂ ಕೇಳ್ದೇ ಇರೋದೇನಾದ್ರೂ ಇದ್ರೆ ಹಾಕಪ್ಪ" ಅನ್ನುತ್ತಿದ್ದೆ. ಯಾರೂ ಕೇಳದ್ದನ್ನು ಅವನು ಯಾಕೆ ಇಟ್ಟುಕೊಂಡಿರುತ್ತಾನೆ ಎಂದು ನಾನು ಯೋಚಿಸಿದವನಲ್ಲ.

ಒಂದು ಸಂಜೆ ಸಲೀಮ ತಾನಾಗಿಯೇ ಕರೆದು ನಾಲ್ಕು ಹಾಡು ಹಾಕಿಕೊಟ್ಟ. ಯಾರೋ ಗಿರಾಕಿ ತಂದ ಕಾರ್ಡಿನಲ್ಲಿ ಇದ್ದವಂತೆ, ಚೆನ್ನಾಗಿವೆ ಅನಿಸಿ ಇಳಿಸಿಕೊಂಡನಂತೆ. ಗಿರಾಕಿ ಯಾರೆಂದು ನೆನಪಿಲ್ಲ, ತಂಡದ ಹೆಸರೂ ಇಲ್ಲ. ಮನೆಗೆ ನಡೆಯುತ್ತಾ ಕೇಳಿದವನು ರಾಜಗೋಪಾಲನಗರದ ನಮ್ಮ ಬೀದಿ ದಾಟಿ ಮುಂದೆ ಹೋಗಿಬಿಟ್ಟಿದ್ದೆ. ಒಂದು ಗಿಟಾರ್, ಒಂದು ಹಾರ್ಮೋನಿಯಂ, ಉತ್ತರ ಕರ್ನಾಟಕದ ಕಡೆಯ ಒಂದು ಗಟ್ಟಿ ದನಿ. ಹಾಡಿನಲ್ಲಿ ಪ್ರೇಮವಿಲ್ಲ, ವಿರಹವಿಲ್ಲ. ನೀರು ಬಿಡದ ಓನರ್ ಇದ್ದಾಳೆ, ತಪ್ಪಿಹೋದ ಬಸ್ಸಿದೆ, ಒಂದೇ ರೂಮಿನಲ್ಲಿ ಒಬ್ಬರ ಕಾಲು ಇನ್ನೊಬ್ಬರ ತಲೆಗೆ ತಾಗುವ ವಿಷಯವಿದೆ. ಇದೆಲ್ಲದರ ಹಿಂದೆ ಒಂದು ತಾಳ. ಧಡ್, ಧಡ್, ಧಡ್, ನಾಲ್ಕನೆಯದಕ್ಕೆ ಧಡ್ ಜೊತೆಗೊಂದು ಟಕ್. ಆ ಟಕ್ ಬಿದ್ದಲ್ಲೆಲ್ಲ ಹಾಡುವವನು ದನಿ ಏರಿಸುತ್ತಿದ್ದ, ನನ್ನ ಮೈ ಝುಂ ಅನ್ನುತ್ತಿತ್ತು.

ಅದು ಯಾವ ವಾದ್ಯ ಎಂಬುದು ನನ್ನನ್ನು ಮೂರು ತಿಂಗಳು ಕಾಡಿತು. ತಮಟೆಯಲ್ಲ, ಡೋಲಲ್ಲ, ಖಾಲಿ ಡ್ರಮ್ಮೂ ಅಲ್ಲ. ಕ್ಯಾಂಟೀನಿನಲ್ಲಿ ಊಟದ ಹೊತ್ತಿಗೆ, ಇದು ಆಫ್ರಿಕಾ ಕಡೆಯ ಯಾವುದೋ ಚರ್ಮವಾದ್ಯ ಇರಬೇಕೆಂದು ಭಾಷಣ ಮಾಡಿದೆ. ಆದರೆ ಹಾಡನ್ನು ಮಾತ್ರ ಯಾರಿಗೂ ಕೇಳಿಸಲಿಲ್ಲ. ಮನೆಯಲ್ಲಿ ಶಾರದೆಯ ಎದುರು ಊಟಕ್ಕೆ ಕೂತಾಗಲೂ ಬೆರಳು ತಟ್ಟೆಯ ಅಂಚಿಗೆ ಅದೇ ತಾಳ ಬಡಿಯುತ್ತಿತ್ತು. ಭಾನುವಾರಗಳಲ್ಲಿ ಲಗ್ಗೆರೆ, ನಾಗಸಂದ್ರ ಸುತ್ತಿ, ಇಂಥ ಬ್ಯಾಂಡಿನವರು ಎಲ್ಲಿದ್ದಾರೆಂದು ವಿಚಾರಿಸಿದೆ. ಮದುವೆ ಯಾವತ್ತು ಸಾರ್, ಎಷ್ಟು ಜನ ಬಾರಿಸೋರು ಬೇಕು ಎಂದು ಕೇಳಿದವರೇ ಎಲ್ಲ.

ಈ ನಡುವೆ ಕಾರ್ಖಾನೆಯಲ್ಲಿ ತಗಡು ಒತ್ತುವ ಎರಡನೇ ನಂಬರ್ ಪ್ರೆಸ್ ಸದ್ದು ಮಾಡುತ್ತಿದೆಯೆಂದು ಮ್ಯಾನೇಜರ್ ಗೊಣಗತೊಡಗಿದರು. ಹೋಗಿ ಸ್ಕ್ರೂಡ್ರೈವರ್ ಒತ್ತಿ ಕೇಳಿದೆ. ತಗಡನ್ನು ಒಳಗೆ ತಳ್ಳುವ ಹಲ್ಲಿನ ಚಕ್ರದಲ್ಲಿ ಒಂದು ಹಲ್ಲು ಮುರಿದಿತ್ತು. ಪ್ರೆಸ್ಸಿನ ಒಂದೊಂದು ಏಟಿಗೂ ಆ ಚಕ್ರ ಕಾಲು ಸುತ್ತು ತಿರುಗುತ್ತದೆ. ಮುರಿದ ಜಾಗ ಬಂದಾಗ ಒಂದು ಸದ್ದು. ಹಳೆಯ ಚಕ್ರ ಶಾಫ್ಟಿಗೆ ಕಚ್ಚಿಕೊಂಡು ಬರದಿದ್ದರಿಂದ ಎರಡು ಹೋಳಾಗಿ ಕೊಯ್ದು ತೆಗೆದು ಹೊಸದು ಕೂರಿಸಿದೆ. ಪ್ರೆಸ್ ನಯವಾಗಿ ಓಡಿತು. ಮ್ಯಾನೇಜರ್ ಎಲ್ಲರೆದುರು ನನ್ನ ಕಿವಿಯನ್ನು ಹೊಗಳಿದರು.

ಅಂದು ಸಂಜೆ ಮನೆಯಲ್ಲಿ ಇಯರ್‌ಫೋನ್ ಹಾಕಿಕೊಂಡವನು ಮೊದಲ ಟಕ್‌ಗೇ ಎದ್ದು ಕೂತೆ. ಮೂರು ತಿಂಗಳು ಇಯರ್‌ಫೋನಿನಲ್ಲಿ ಕೇಳಿ ಆಫ್ರಿಕಾಕ್ಕೆ ಹೋಗಿ ಬಂದಿದ್ದೆ. ಕಾರ್ಖಾನೆಯಲ್ಲಿ ನಾನು ನಿಂತಲ್ಲಿಂದ ಹತ್ತು ಹೆಜ್ಜೆ ಆಚೆಗೆ ಅದೇ ಸದ್ದು ದಿನವೂ ಬಡಿದುಕೊಂಡಿದ್ದು ಈ ಪ್ರಸಿದ್ಧ ಕಿವಿಗೆ ಬಿದ್ದಿರಲಿಲ್ಲ.

ಮರುದಿನ ಎರಡನೇ ನಂಬರಿನ ಆಪರೇಟರ್ ಯಮನಪ್ಪನನ್ನು ಹಿಡಿದೆ. ಕೊಪ್ಪಳದ ಕಡೆಯವನು, ಮೂರು ವರ್ಷದಿಂದ ನನಗೆ ನಮಸ್ಕಾರ ಹೇಳಿದ್ದು ಬಿಟ್ಟರೆ ಮಾತಾಡಿದವನಲ್ಲ. ಹಾಡು ಕೇಳಿಸಿದೆ. "ನಮ್ದ ಐತ್ರಿ ಸರ," ಅಂದ, ನೆಲ ನೋಡುತ್ತಾ. ಅವನೂ ಅವನ ಇಬ್ಬರು ರೂಮಿನ ಗೆಳೆಯರೂ ಸೇರಿ ಕಟ್ಟಿಕೊಂಡ ತಂಡ. ತಾಳ ಬಾರಿಸುವವರಿಲ್ಲವೆಂದು ಫೋನನ್ನು ಕಿಟಕಿಯ ಮೇಲಿಟ್ಟು ಪ್ರೆಸ್ಸಿನ ಸದ್ದು ಹಿಡಿದುಕೊಂಡು ಹೋಗಿ, ರೂಮಿನಲ್ಲಿ ಅದನ್ನು ಹಾಕಿಕೊಂಡು ಹಾಡುತ್ತಿದ್ದರಂತೆ. ಆ ಫೋನು ಬಸ್ಸಿನಲ್ಲಿ ಕಳೆದುಹೋಗಿದೆ. ಭಾನುವಾರ ನಮ್ಮ ರಾಜಗೋಪಾಲನಗರದ ರಾಜ್ಯೋತ್ಸವದ ವೇದಿಕೆಯಲ್ಲೇ ಅವರಿಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ಜನರ ಮುಂದೆ ಹಾಡುವುದು ಇದೇ ಮೊದಲು. ಈ ವಾರ ಸದ್ದನ್ನು ಮತ್ತೆ ಹಿಡಿದುಕೊಳ್ಳೋಣ ಅಂದುಕೊಂಡಿದ್ದರು.

"ಟಕ್ ಅಂದಾಗ ನಾ ದನಿ ಏರಸ್ತಿದ್ನಿರಿ ಸರ," ಅಂದ. "ಈಗ ಅದು ಅನವಲ್ದು. ಎಲ್ಲಿ ಏರಸಬೇಕು ತಿಳೀವಲ್ದು."

ನಾನೇ ಸರಿಮಾಡಿದ್ದು ಎಂದು ಅವನಿಗೆ ಗೊತ್ತಿತ್ತು. ಆದರೂ ಒಂದು ಕೆಟ್ಟ ಮಾತೂ ಆಡಲಿಲ್ಲ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ನೇರವಾಗಿ ಗುಜರಿ ರಾಶಿಗೆ ಹೋಗಿ ಹುಡುಕಿದೆ. ಕೊಯ್ದ ಚಕ್ರದ ಅರ್ಧ ಹೋಳು ಸಿಕ್ಕಿತು. ಸ್ಪ್ಯಾನರಿನಲ್ಲಿ ಬಡಿದೆ. ಟಕ್ ಅಂದಿತು. ಯಮನಪ್ಪ ತಲೆಯೆತ್ತಿದ.

ಹೀಗೆ ನಾನು, ವಯಸ್ಸು ಐವತ್ತರ ಹತ್ತಿರ ಬಂದವನು, ಅರ್ಧ ಚಕ್ರವನ್ನು ಹಗ್ಗಕ್ಕೆ ತೂಗುಹಾಕಿಕೊಂಡು ವೇದಿಕೆ ಹತ್ತಿದೆ. ಧಡ್‌ಗೆ ಹಾರ್ಮೋನಿಯಂನವನು ವೇದಿಕೆಯ ಹಲಗೆಯ ಮೇಲೆ ಕಾಲು ಬಡಿಯುತ್ತಿದ್ದ. ನನ್ನದು ಒಂದೇ ಕೆಲಸ, ನಾಲ್ಕಕ್ಕೊಂದು ಏಟು. ಲೈಟು, ಜನ ಎಲ್ಲ ಸೇರಿ ಒಮ್ಮೆ ಮೂರನೆಯದಕ್ಕೇ ಹೊಡೆದೆ, ಇನ್ನೊಮ್ಮೆ ಐದನೆಯದಕ್ಕೆ. ಯಮನಪ್ಪ ಒಂದು ಕ್ಷಣ ನನ್ನ ಕಡೆ ನೋಡಿ, ನಾನು ಹೊಡೆದಲ್ಲೇ ದನಿ ಏರಿಸಿ ತಪ್ಪನ್ನು ಮುಚ್ಚಿದ. ಕೊನೆಯ ಹಾಡು ಮಾತ್ರ ಸರಿಯಾಗಿ ಕೂತಿತು. ಆ ನಾಲ್ಕು ನಿಮಿಷ ನಾನು ಎಷ್ಟು ಸುಖವಾಗಿದ್ದೆನೆಂದರೆ, ಚಪ್ಪಾಳೆ ಬಿದ್ದ ಮೇಲೂ ಒಂದು ಏಟು ಹೊಡೆದೆ. ಕೆಳಗಿಳಿಯುವಾಗ ಯಾರೋ ಪಕ್ಕದವನನ್ನು, "ಯಾರು ಗುರು ಇವ್ರು?" ಎಂದು ಕೇಳಿದ್ದು ಕಿವಿಗೆ ಬಿತ್ತು. ಜೀವಮಾನವೆಲ್ಲ ಇಷ್ಟಪಟ್ಟ ಆ ಪ್ರಶ್ನೆ ಅವತ್ತು ಚುಚ್ಚಿತು.

ಸಲೀಮ ಎಲ್ಲವನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿದ್ದ. ತವರಿಗೆ ಹೋಗಿದ್ದ ಶಾರದೆ ಸೋಮವಾರ ಬಂದಳು. ಅವಳು ಚೀಲ ಕೆಳಗಿಡುವ ಮೊದಲೇ ಇಯರ್‌ಫೋನ್ ಚಾಚಿ, ಕೇಳು ಅಂದೆ.

"ಬೇಡ ಬಿಡಿ," ಅಂದಳು. "ನಾನು ಕೇಳ್ಬಿಟ್ರೆ ನೀವು ಅಳಿಸ್ಬಿಡ್ತೀರ."

ಬೇಡಿಕೊಂಡೆ, ಅಳಿಸುವುದಿಲ್ಲವೆಂದು ಆಣೆ ಇಟ್ಟೆ. ಅವಳು ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದಳು. ನಾನು ಇಯರ್‌ಫೋನ್ ಕೈಯಲ್ಲಿ ಹಿಡಿದು ಅಲ್ಲೇ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಸೌಟು ಬಾಣಲೆಗೆ ಬಡಿಯುವ ಸದ್ದು ಕೇಳಿಸಿತು. ಮೂರು ಸಲ ಮೆತ್ತಗೆ, ನಾಲ್ಕನೆಯದಕ್ಕೆ ಅಂಚಿಗೆ ಟಕ್. ಒಗ್ಗರಣೆ ಮುಗಿಯುವವರೆಗೂ ನಿಂತು ಎಣಿಸಿದೆ. ಅವಳು ಒಂದು ಸಲವೂ ತಪ್ಪಲಿಲ್ಲ.